ತೌಡಿಗೆ ಕೊಂಡ ಮಗ

"ಏ ಪಿಂಜಾರ, ಹತ್ತಿ ಹಿಂಜಿ ಹಿಂಜಿ ನಿನ್ನ ತಲ್ಯಾಗೂ ಅರಳಿ ತುಂಬೇತೇನು? ಕಳಕಪ್ಪನ ಮಗನ್ನ ನಿಮ್ಮಕ್ಕ ಬಸರಾ ಬಂದರಕ್ಕ ಒಯ್ತಾಳಂತ! ಕೇಳ್ರೆಪಾ ಎಲ್ಲಾರೂ. ಅಪ್ಪ ಯಾರಂತ ಗೊತ್ತಿಲ್ಲದ ಮನಿಗೆ ಪಾಸ್‌ಪೋರ್ಟು ಬ್ಯಾರೆ ಕೇಡು!"

ತಹಶೀಲ ಕಚೇರಿಯ ಹಿರಿಯ ಗುಮಾಸ್ತರಾದ ಪೇಷ್ಕಾರರು ಇದನ್ನು ನನ್ನೊಬ್ಬನಿಗೆ ಕೇಳುವಂತೆ ಹೇಳಲಿಲ್ಲ. ಕಚೇರಿಯ ಪಡಸಾಲೆಯಲ್ಲಿ ಹೊಲದ ಕಾಗದಕ್ಕೆಂದು ಬಂದ ಹತ್ತು ಹನ್ನೆರಡು ಜನ ರೈತರು ಕೂತಿದ್ದರು. ಅವರೆಲ್ಲ ನಕ್ಕರು. ಸ್ಟಾಂಪು ಮಾರುವವನು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕ.

ಪೇಷ್ಕಾರರು ಹುಟ್ಟು-ಸಾವಿನ ದಫ್ತರವನ್ನು ನನ್ನ ಕಡೆ ತಿರುಗಿಸಿ ಬೆರಳಿಟ್ಟರು. "ಓದು. ನಾಲ್ಕನೇ ಜಮಾತು ಕಲ್ತಾಂವಲ್ಲ ನೀನು? ಕೂಸಿನ ಹೆಸರು ತಿಪ್ಪಣ್ಣ. ತಾಯಿ ಬಸವಣ್ಣೆಮ್ಮ. ತಂದಿ ಕಳಕಪ್ಪ. ಖಬರು ಕೊಟ್ಟಾಂವ... ಇದು ಯಾರ ಸಹಿ? ನಿಂದಽ ಹೌದಲ್ಲೊ?"

ನನ್ನದೇ. ದಾವಲಸಾಬ ಅಂತ ಉರ್ದುವಿನಲ್ಲಿ, ಕೊನೆಯ ಅಕ್ಷರದ ಬಾಲ ಉದ್ದ ಎಳೆದು ಬರೆದದ್ದು. ಐದು ವರ್ಷದ ಹಿಂದೆ ನಮ್ಮ ಓಣಿಯಲ್ಲಿ ಹೆಬ್ಬಟ್ಟು ಒತ್ತದೆ ಸಹಿ ಹಾಕುವವನು ನಾನೊಬ್ಬನೇ ಇದ್ದೆ.

ಸಿಟ್ಟು ಬಂದರೆ ನನಗೆ ಕಿವಿ ಕೇಳಿಸುವುದಿಲ್ಲ. ಸಾಲಿ ಬಿಟ್ಟದ್ದೂ ಹೀಗೆಯೇ. ಮಾಸ್ತರರು ಏನೋ ಅಂದರು, ನಾನು ಪಾಟಿ ಬೀಸಿದೆ, ಮರುದಿನದಿಂದ ಹೋಗಲಿಲ್ಲ. ಕಚೇರಿಯಲ್ಲಿಯೂ ಪೇಷ್ಕಾರರು ಆಮೇಲೆ ಏನೋ ಹೇಳುತ್ತ ಬಗ್ಗಿ ಪೆಟ್ಟಿಗೆಯಿಂದ ಏನೋ ತೆಗೆಯುತ್ತಿದ್ದರು. ನನಗೆ ಅವರ ಬಾಯಿ ಆಡುವುದು ಕಂಡಿತು, ಮಾತು ಕೇಳಲಿಲ್ಲ. ಎರಡೂ ಕೈಯಿಂದ ಅವರ ಮುಂದಿನ ಮೇಜನ್ನು ದೂಡಿದೆ. ಮಸಿಯ ದೌತಿ ದಫ್ತರದ ಮೇಲೆ ಮಗುಚಿ ಬಿತ್ತು.

ಮಸಿ ಗಡಿಬಿಡಿ ಮಾಡಲಿಲ್ಲ. ಮೊದಲು ತಿಪ್ಪಣ್ಣ ಹೋದ. ಆಮೇಲೆ ಬಸವಣ್ಣೆಮ್ಮ, ಕಳಕಪ್ಪ. ಕಡೆಗೆ ನನ್ನ ಸಹಿಯ ಬಾಲ.

ಪಡಸಾಲೆಯಲ್ಲಿ ಯಾರೂ ನಗುತ್ತಿರಲಿಲ್ಲ.

ನನ್ನನ್ನು ಹಳೆಯ ಕಾಗದದ ಗಂಟುಗಳಿದ್ದ ಒಂದು ಕೋಣೆಯಲ್ಲಿ ಎರಡು ದಿನ ಕೂಡಿ ಹಾಕಿದರು. ಚಪರಾಸಿ ವಿರೂಪಾಕ್ಷಪ್ಪ ನಮ್ಮ ಕಡೆಯವನೇ. ಅವನ ಮನೆಯ ಗಾದಿಗಳನ್ನು ನಾವೇ ಹಿಂಜಿ ತುಂಬಿಕೊಡುತ್ತಿದ್ದೆವು. ಎರಡನೆಯ ದಿನ ಮಧ್ಯಾಹ್ನ ರೊಟ್ಟಿ ತಂದು ಕೊಟ್ಟು, ಬಾಗಿಲಲ್ಲೇ ಕುಕ್ಕರಗಾಲಲ್ಲಿ ಕೂತ.

"ಎಂಥಾ ಕೆಲಸಾ ಮಾಡಿದ್ಯೋ ತಮ್ಮಾ. ಪೇಷ್ಕಾರ ಸಾಹೇಬರು ಬಗ್ಗಿ ಏನು ತಗದ್ರು ನೋಡಿದ್ಯಾ?"

"ಏನು ತಗದ್ರ ನನಗೇನು?"

"ಬಿಳಿ ಕಾಗದ ತಗದಿದ್ರು. ದುರಸ್ತಿ ಅರ್ಜಿ ತಾವಽ ಬರದು ಕೊಡಾಕ. 'ಕೂಡು, ನಾಳೆ ಆ ಬಸವಣ್ಣೆಮ್ಮನ್ನೂ ಬರಕೊಂಡ ಗೌಡನ್ನೂ ಕರಕೊಂಬಾ, ಒಂದು ಗೀಟು ಎಳದು ತಿದ್ದಿದ್ರ ಮುಗೀತು' ಅಂದ್ರು. ನಾ ಬಾಜೂಕ ನಿಂತಿದ್ನಿ, ನನ್ನ ಕಿವಿಯಿಂದ ಕೇಳೀನಿ. ಆ ಮನಶ್ಯಾಂದು ಬಾಯಿ ಕೆಟ್ಟದ್ದು, ಕೈ ಕೆಟ್ಟದ್ದಲ್ಲೋ."

ಉಳಿದ ರೊಟ್ಟಿಯನ್ನು ಅರಿವೆಯಲ್ಲಿ ಸುತ್ತಿ ಅವನ ಕೈಗೇ ತಿರುಗಿ ಕೊಟ್ಟೆ.

ಈ ಕಾಗದದ ಕಾಟ ಬಂದದ್ದು ಯಾಕೆ ಎಂದು ಹೇಳಬೇಕು. ನಮ್ಮ ಭಾವ ಮಲಿಕಸಾಬ ಗದಗಿನ ಹತ್ತಿ ಜಿನ್ನಿಂಗ್ ಕಾರಖಾನೆಯಲ್ಲಿ ಫಿಟ್ಟರ್ ಕೆಲಸ ಕಲಿತವನು. ಅಲ್ಲಿಂದ ಹುಬ್ಬಳ್ಳಿ, ಹುಬ್ಬಳ್ಳಿಯಿಂದ ಮುಂಬಯಿ, ಮುಂಬಯಿಯಿಂದ ಹಡಗು ಹತ್ತಿ ಇರಾಕ ದೇಶದ ಬಸರಾ ಬಂದರಿಗೆ ಹೋದ. ಹೋಗುವಾಗ ನಮ್ಮ ಅಕ್ಕ ಜುಬೇದಾಬೀ ಏಳು ತಿಂಗಳ ಬಸುರಿ. ಮಗನ ಮುಖವನ್ನು ಅವನು ನೋಡಲೇ ಇಲ್ಲ. ಐದು ವರ್ಷ ಕಳೆದ ಮೇಲೆ, ಈಗ ನಡೆದಿರುವ ಈ ದೊಡ್ಡ ಯುದ್ಧ ಸುರುವಾಗುವುದಕ್ಕೆ ಒಂದು ವರ್ಷ ಮೊದಲು, ಅವನಿಂದ ದಪ್ಪನೆಯ ಲಕೋಟೆ ಬಂತು. ಬಂದರಿನಲ್ಲಿ ಕಬ್ಬಿಣದ ಚೂರು ಸಿಡಿದು ಅವನ ಬಲಗಣ್ಣು ಹೋಗಿತ್ತು. ಎಡಗಣ್ಣಿಗೂ ಮಬ್ಬು ಹಿಡಿಯುತ್ತಿದೆ ಎಂದು ಜೊತೆಗಾರನ ಕೈಯಲ್ಲಿ ಬರೆಸಿದ್ದ. "ಕಂಪನಿಯವರು ಮನಿ ಕೊಟ್ಟಾರ. ನಿಮ್ಮಿಬ್ಬರ ಹಡಗಿನ ಖರ್ಚೂ ಅವರಽ ಕೊಡ್ತಾರ. ಕಣ್ಣು ಪೂರಾ ಹೋಗೂದ್ರಾಗ ಮಗನ್ನ ಕರಕೊಂಡು ಬಾ. ಒಮ್ಮೆ ನೋಡ್ತೀನಿ."

ಲಕೋಟೆಯಲ್ಲಿ ಒಂದು ಫಾರಮು ಇತ್ತು. ಹೆಂಡತಿಗೆ ಪಾಸ್‌ಪೋರ್ಟು ಬೇಕು. ಸಣ್ಣ ಮಕ್ಕಳಿದ್ದರೆ ತಾಯಿಯ ಪಾಸ್‌ಪೋರ್ಟಿನಲ್ಲೇ ಹೆಸರು ಬರೆಸಬೇಕು. ಅದಕ್ಕೆ ತಾಯಿ ಮಗ ಒಟ್ಟಿಗೆ ಕೂತ ಫೋಟೋ, ಇಬ್ಬರಿಗೂ ಸಿಡುಬು ಬರದಂತೆ ದೇವಿ ಹಾಕಿಸಿದ ಚೀಟಿ, ಗಂಡನ ಕಂಪನಿಯ ಪತ್ರ, ಮಗುವಿನ ಜನ್ಮದ ನಕಲು. ಎಲ್ಲ ಸೇರಿಸಿ ನಮ್ಮ ಸಂಸ್ಥಾನದ ರಾಜಧಾನಿ ಹೈದರಾಬಾದಿಗೆ ಕಳಿಸಬೇಕು. ಅಲ್ಲಿಂದ ಬಂದ ಮೇಲೆ ಇರಾಕ ದೇಶದವರ ಮೊಹರು ಬೀಳಬೇಕು. ಹಡಗು ದೀಪಾವಳಿ ಕಳೆದ ಮರುತಿಂಗಳು.

ನಾನು ಓದಿ ಹೇಳಿದಾಗ ನಮ್ಮವ್ವ ಲಾಲಬೀ ನಕ್ಕುಬಿಟ್ಟಳು. "ಹಡದ ಹೊಟ್ಟಿಗೂ ಸಾಕ್ಷಿ ಬೇಕೇನೋ? ಇನ್ನ ಸತ್ತಾಂವ ತಾ ಸತ್ತೀನಂತ ಬರಕೊಡಬೇಕು ನೋಡು."

ಫೋಟೋ ತೆಗೆಸಲು ಗದಗಿಗೆ ಹೋದೆವು. ಅಕ್ಕ ಪರಗಂಡಸಿನ ಎದುರು ಸೆರಗು ಸರಿಸಿ ಕೂತದ್ದು ಅದೇ ಮೊದಲು. ನೆಲ ನೋಡುತ್ತಲೇ ಕೂತಳು. ಫೋಟೋದವನು ಕರಿಯ ಬಟ್ಟೆಯ ಒಳಗಿಂದ ಕೂಗಿದ, "ತಾಯೀ, ಕಣ್ಣು ಮ್ಯಾಲೆತ್ರಿ. ಸರ್ಕಾರಕ್ಕ ನಿಮ್ಮ ಕಣ್ಣು ಬೇಕು." ಹುಡುಗ ಅವಳ ತೊಡೆಯ ಮೇಲಿಂದ ಇಳಿದು ಆ ಬಟ್ಟೆಯೊಳಗೆ ತಾನೂ ತಲೆ ಹಾಕಿದ. ಮೂರು ಸಲ ಎತ್ತಿ ತಂದು ಕೂಡಿಸಬೇಕಾಯಿತು. ದೇವಿ ಹಾಕಿಸಿದ್ದೂ ಆಯಿತು. ಗಾಯ ಬಾತು ಹುಡುಗ ನಾಲ್ಕು ದಿನ ಅತ್ತ. ಉಳಿದದ್ದು ಜನ್ಮದ ನಕಲು ಒಂದೇ.

"ಅದೊಂದು ನನಗ ಬಿಡ್ರಿ," ಎಂದೆ. "ಕಚೇರಿಗೆ ನಾ ಒಬ್ಬನಽ ಹೋಗಿ ತರ್ತೀನಿ."

ಒಬ್ಬನೇ ಯಾಕೆ ಎಂದು ಅಕ್ಕ ಕೇಳಲಿಲ್ಲ. ಅಲ್ಲಿ ನಾನು ಬರೆಸಿದ್ದು ಅವಳ ಕಿವಿಗೆ ಬೀಳುವ ಮೊದಲೇ ಗುಟ್ಟಾಗಿ ತಿದ್ದಿಸಿ ತರಬೇಕೆಂದಿದ್ದೆ.

ಅಕ್ಕನಿಗೆ ಇದಕ್ಕೂ ಮೊದಲು ಎರಡು ಕೂಸು ಆಗಿ ಹೋಗಿದ್ದವು. ಒಂದು ಒಂಬತ್ತನೆಯ ದಿನ, ಇನ್ನೊಂದು ಮೂರು ತಿಂಗಳಿಗೆ. ಮೂರನೆಯದು ಹುಟ್ಟಿದ ಗಳಿಗೆಯಲ್ಲೇ ಅವ್ವ ಎದುರುಮನೆಯ ಬಸವಣ್ಣೆಮ್ಮನನ್ನು ಕೂಗಿದಳು. ಬಸವಣ್ಣೆಮ್ಮ ಒಕ್ಕಲಗಿತ್ತಿ, ಹಡೆದ ಆರೂ ಮಕ್ಕಳು ಉಳಿದವಳು. ಅಂಥವಳಿಗೆ ಕೂಸನ್ನು ಮಾರಿದರೆ ಸಾವು ಮೋಸ ಹೋಗುತ್ತದೆ ಎಂದು ನಮ್ಮ ಕಡೆ ಎಲ್ಲ ಜಾತಿಯವರೂ ಮಾಡುತ್ತಾರೆ. ಆಕೆ ಒಂದು ಸೇರು ತೌಡು ತಂದಳು. ಕೂಸನ್ನು ತಿಪ್ಪೆಯ ಅಂಚಿಗೆ ತಾಗಿಸಿ, ಮೊರದಲ್ಲಿ ಹಾಕಿಕೊಂಡು, "ಈ ಕೂಸು ನಂದು, ನಂದು, ನಂದು" ಎಂದಳು. "ನಮ್ಮದಲ್ಲವ್ವಾ, ನಿಂದಽ ಒಯ್ಯಿ," ಎಂದು ಅವ್ವ ತೌಡು ತೆಗೆದುಕೊಂಡಳು. ತಿಪ್ಪೆ ಮುಟ್ಟಿದವನಿಗೆ ತಿಪ್ಪಣ್ಣ ಎಂದು ಬಸವಣ್ಣೆಮ್ಮನೇ ಹೆಸರಿಟ್ಟಳು. ಸಂಜೆಗೆ ಕೂಸು ಅಕ್ಕನ ಮಗ್ಗುಲಿಗೆ ಬಂತು. ಆದರೆ ಐದು ತುಂಬುವ ತನಕ ಅದು ಬಸವಣ್ಣೆಮ್ಮನದೇ. ಐದು ತುಂಬಿದ ಮೇಲೆ ಸೀರೆ ಉಡಿಸಿ, ಜೋಳ ಕೊಟ್ಟು ಬಿಡಿಸಿಕೊಂಡು ಬೇರೆ ಹೆಸರು ಇಡುವುದು.

"ಓಣ್ಯಾಗ ಯಾರರ ಕೇಳಿದ್ರ ಬಸವಣ್ಣೆಮ್ಮನ ಕೂಸು ಅನ್ನು," ಎಂದು ಅವ್ವ ನನಗೆ ಹೇಳಿದ್ದಳು. ಓಣಿಯಲ್ಲಿ ಎಂದಳು. ಚಾವಡಿಗೆ ಹೋಗಿ ಬರೆಸು ಎಂದಿರಲಿಲ್ಲ.

ನನಗಾಗ ಹದಿನೈದು. ಮೂರನೆಯ ದಿನ ತಳವಾರ ಬಂದು ಯಾರ ಮನೆಯಲ್ಲಿ ಹೆರಿಗೆಯಾಯಿತು ಎಂದು ಕೇಳಿದ. ನಾನೇ ಹೊರಟೆ. ದಾರಿಯುದ್ದಕ್ಕೂ ಯೋಚನೆ ಮಾಡಿದೆ. ಸಾವು ಓಣಿ ಓಣಿ ಸುತ್ತಿ ಕದ್ದು ಕೇಳುವುದಾದರೆ ಚಾವಡಿಯ ದಫ್ತರವನ್ನು ನೋಡದೆ ಬಿಟ್ಟೀತೇ? ಒಂದು ಕಡೆ ಖರೆ ಬರೆದಿಟ್ಟರೆ ಉಳಿದ ಕಡೆ ಆಡಿದ ಸುಳ್ಳೆಲ್ಲ ದಂಡ. ಎರಡು ಕೂಸಿನ ಮಣ್ಣು ನೋಡಿದವನು ನಾನು. ಎರಡನೆಯದನ್ನು ಈ ಕೈಯಲ್ಲೇ ಎತ್ತಿಕೊಂಡು ಹೋಗಿದ್ದೆ.

ಪೊಲೀಸ್ ಪಾಟೀಲ ದೊಡ್ಡಬಸಪ್ಪ ಗೌಡರು ಲೆಕ್ಕಣಿಕೆ ಹಿಡಿದು ನನ್ನ ಮುಖ ನೋಡಿದರು. "ಬಸವಣ್ಣೆಮ್ಮ ಮೊನ್ನೆ ಹೊಲದಾಗ ಕಸಾ ತಗ್ಯಾಕತ್ತಿದ್ಲಲ್ಲೋ. ಯಾವಾಗ ಬಸರಾದ್ಲು, ಯಾವಾಗ ಹಡದ್ಲು?"

"ನೀವು ಬರೀರಿ ಗೌಡ್ರ."

"ಅಲ್ಲೋ ಹುಡುಗಾ, ತೌಡಿನ ಮಾತು ತೌಡಿನ ಮಟ್ಟಿಗೆ. ಇದು ಸರ್ಕಾರದ ಕಾಗದ, ವರ್ಷ ತುಂಬಿದ ಮ್ಯಾಲೆ ಕಚೇರಿಗೆ ಹೋಗೂದು."

"ಅಂದದ್ದು ಬರೀರಿ ಅಂದೆ. ಸಹಿ ನಾ ಹಾಕ್ತೀನಿ."

ಗೌಡರು ನಕ್ಕು ಬರೆದರು. "ಐದು ತುಂಬಿದ ಮ್ಯಾಲೆ ಬಂದು ನೆನಪಿಲೆ ತಿದ್ದಿಸಿಕೊಂಡು ಹೋಗು ಮತ್ತ," ಎಂದರು. ಸಹಿ ಹಾಕುವ ಹುಮ್ಮಸ್ಸಿನಲ್ಲಿ ನಾನು ಹೂಂ ಎಂದೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಹೇಳಿದರೆ ಮಾಟದ ಬಲ ಹೋದೀತು ಅನ್ನಿಸಿತ್ತು.

ಕೂಸು ಬದುಕಿತು. ಒಂಬತ್ತು ದಿನ ದಾಟಿತು, ಮೂರು ತಿಂಗಳು ದಾಟಿತು, ಓಡಾಡಿತು, ನನ್ನ ಹಿಂಜುವ ಬಿಲ್ಲಿನ ತಂತಿ ಕಿತ್ತು ಬೈಸಿಕೊಂಡಿತು. ಆದ್ದರಿಂದಲೇ ಯಾರ ಮೇಲೆ ಸಿಟ್ಟು ಮಾಡಬೇಕೋ ನನಗೆ ಈಗಲೂ ತಿಳಿಯುವುದಿಲ್ಲ.

ಕಚೇರಿಯಿಂದ ಬಿಟ್ಟ ದಿನ ಮನೆಗೆ ಬಂದು ಸುಳ್ಳು ಹೇಳಿದೆ. "ಗೌಡ ತಪ್ಪು ಬರದಾನ. ಕೇಳಿದ್ದಕ್ಕ ಪೇಷ್ಕಾರ ಅಕ್ಕನ ಮ್ಯಾಲೆ ಕೆಟ್ಟ ಮಾತಾಡಿದ. ನಾ ಸುಮ್ನ ಬಿಡ್ಲಿಲ್ಲ."

ಅವ್ವ ಗೌಡರ ಏಳು ತಲೆಮಾರನ್ನೂ ಬೈದಳು. ಅಕ್ಕ ಬೈಯಲಿಲ್ಲ. ನೀರು ಕಾಯಿಸಿಟ್ಟು, "ಎರಡು ದಿನ ಹೊಟ್ಟಿಗೆ ಏನು ತಿಂದ್ಯೋ ತಮ್ಮಾ?" ಎಂದಳು.

ಸುದ್ದಿ ಕೇಳಿ ಬಸವಣ್ಣೆಮ್ಮ ಮರುದಿನವೇ ಹೊರಟಳು. ಗಂಡ ಕಳಕಪ್ಪ ಚಕ್ಕಡಿ ಹೂಡಿದ. ಅಕ್ಕ, ಹುಡುಗ, ದೊಡ್ಡಬಸಪ್ಪ ಗೌಡರು ಎಲ್ಲರೂ ಕಚೇರಿಗೆ ಹೋದರು. ನಾನೂ ಹೋದೆ, ನನ್ನನ್ನು ಒಳಗೆ ಬಿಡಲಿಲ್ಲ. ಕಿಟಕಿಯ ಹೊರಗೆ ಬೇವಿನ ಮರದ ಕೆಳಗೆ ನಿಂತೆ. ಒಳಗಿನ ಮಾತು ಚೆನ್ನಾಗಿ ಕೇಳುತ್ತಿತ್ತು.

ತಹಶೀಲ್ದಾರ ಸಾಹೇಬರು ಮೆತ್ತಗಿನ ದನಿಯವರು. ಬಸವಣ್ಣೆಮ್ಮನನ್ನು ಕೇಳಿದರು, "ಈ ಹುಡುಗನ್ನ ನೀ ಹಡದೀಯೇನಮ್ಮಾ?"

"ಇಲ್ಲರಿ ಸಾಹೇಬರ. ನಾ ಕೊಂಡೀನಿ."

"ಕೊಂಡೀಯಾ? ಎಷ್ಟಕ್ಕ?"

"ಸೇರು ತೌಡಿಗೆ ರೀ. ಛಲೋ ತೌಡಿತ್ತು, ನುಚ್ಚೂ ಇತ್ತು ಅದರಾಗ."

ಯಾರೋ ನಕ್ಕರು. ಬಸವಣ್ಣೆಮ್ಮನಿಗೆ ಸಿಟ್ಟು ಬಂತು. "ನಗ್ತೀರೇನ್ರೀ? ಸಾವಿಗೆ ಹೆದರಿ ಮಾಡೀವಿ. ನಿಮ್ಮ ಮನ್ಯಾಗ ಕೂಸು ಹೋಗಿಲ್ಲೇನು? ಈಗ ಐದು ತುಂಬ್ಯಾವ, ನಾ ಬಿಟ್ಟುಕೊಡ್ತೀನಿ. ಇವ ಜುಬೇದಾಬೀ ಹಡದ ಮಗ. ಬರಕೋರಿ."

ಒಳಗೆ ನಗು ನಿಂತಿತು. ಸಾಹೇಬರು ಹೇಳಿದರು, "ಅಮ್ಮಾ, ಬರದದ್ದು ಇದ್ದಿದ್ರ ತಿದ್ದಬಹುದಾಗಿತ್ತು, ನನ್ನ ಕೈಯಾಗಿನ ಮಾತು. ಈಗ ಬರದದ್ದಽ ಇಲ್ಲ. ದಫ್ತರ ಕೆಟ್ಟೈತಂತ ರಾಯಚೂರಿನ ಜಿಲ್ಲಾ ಕಚೇರಿಗೆ ಬರದೀವಿ. ಹೊಸದಾಗಿ ಬರಿಯಾಕ ವಿಚಾರಣಿ ಮಾಡ್ರಿ ಅಂತ ಅಲ್ಲಿಂದ ತಹಕೀಕಾತಿನ ಹುಕುಂ ಬರಬೇಕು. ಆರು ತಿಂಗಳು ಹಿಡೀತದೋ, ಎಂಟೋ."

"ಮತ್ತ ಇದನ್ನ ಮೊದಲ ತಪ್ಪು ಬರದವ್ರು ಯಾರ್ರೀ?" ಇದು ಅಕ್ಕನ ದನಿ. ಗೌಡರನ್ನು ಕೇಳುತ್ತಿದ್ದಳು.

"ನಾ ತಪ್ಪು ಬರದಿಲ್ಲವ್ವ ತಂಗಿ. ನಿಮ್ಮ ದಾವಲನಽ ಬರಸ್ಯಾನ. ನಾ ಎರಡು ಸಲ ಕೇಳಿದೆ. ಸಹಿನೂ ಅವಂದಽ ಇತ್ತು."

ನಾನು ಬೇವಿನ ಮರದ ಹಿಂದೆ ಸರಿದೆ. ಅಕ್ಕ ಕಿಟಕಿಯ ಕಡೆ ನೋಡಿದಳೋ ಇಲ್ಲವೋ ಗೊತ್ತಿಲ್ಲ. ವಾಪಸು ಬರುವಾಗ ಚಕ್ಕಡಿಯಲ್ಲಿ ನಾನು ಹಿಂದಿನ ತುದಿಗೆ ಕಾಲು ಇಳಿಬಿಟ್ಟು ಕೂತಿದ್ದೆ. ಅಕ್ಕ ಆ ಸುದ್ದಿ ಎತ್ತಲೇ ಇಲ್ಲ. ಎಂದಿನ ಹಾಗೆ ರೊಟ್ಟಿ ಬಡಿದಳು, ಎಂದಿನ ಹಾಗೆ ನನ್ನನ್ನು ಊಟಕ್ಕೆ ಕರೆದಳು. ಬೈದಿದ್ದರೆ ನಾನೂ ತಿರುಗಿ ಬೈದು ಹಗುರಾಗುತ್ತಿದ್ದೆ. ಅವಳಿಗೆ ಅದು ಗೊತ್ತಿತ್ತು ಅಂತ ಕಾಣುತ್ತದೆ.

ಇದ್ದ ಕಾಗದಗಳನ್ನೇ ಹೈದರಾಬಾದಿಗೆ ಕಳಿಸಿದೆವು. ಇಪ್ಪತ್ತೆರಡು ದಿನಕ್ಕೆ ಫಾರಮು ತಿರುಗಿ ಬಂತು. ಹುಡುಗನ ಹೆಸರಿನ ಮೇಲೆ ಕೆಂಪು ಮಸಿಯ ಗೀಟು. ಹೆಂಗಸು ಒಬ್ಬಳೇ ಹೋಗುವುದಾದರೆ ಅಡ್ಡಿಯಿಲ್ಲ, ಒಬ್ಬಳೇ ಇರುವ ಬೇರೆ ಫೋಟೋ ಕಳಿಸಿ ಎಂದು ಬರೆದಿದ್ದರು. ಅದೇ ವಾರ ಬಸರಾದಿಂದ ಇನ್ನೊಂದು ಪತ್ರ. ಭಾವನಿಗೆ ಎಡಗಣ್ಣಿನಲ್ಲಿ ಈಗ ಮನುಷ್ಯರ ಆಕಾರ ಮಾತ್ರ ಕಾಣುತ್ತದಂತೆ, ಮುಖ ಕಾಣುವುದಿಲ್ಲವಂತೆ. ಅಡಿಗೆ ಮಾಡಿಕೊಳ್ಳಲು ಹೋಗಿ ಕೈ ಸುಟ್ಟುಕೊಂಡಿದ್ದಾನೆ ಎಂದು ಜೊತೆಗಾರ ತನ್ನ ಕಡೆಯಿಂದ ಎರಡು ಸಾಲು ಸೇರಿಸಿದ್ದ.

ಅಕ್ಕ ಮೂರು ದಿನ ಊಟ ಬಿಟ್ಟಳು. ಮಗನ್ನ ಬಿಟ್ಟು ಹೋಗುವುದೋ, ಗಂಡನ್ನ ಕುರುಡನಾಗಿ ಪರದೇಶದಲ್ಲಿ ಬಿಡುವುದೋ? ಬೇರೆ ಯಾರೂ ಅವಳಿಗೆ ಏನೂ ಹೇಳುವ ಹಾಗಿರಲಿಲ್ಲ. ನಾಲ್ಕನೆಯ ದಿನ ಬಸವಣ್ಣೆಮ್ಮ ಬಂದು ಅವಳ ಮುಂದೆ ಗಂಜಿ ಇಟ್ಟಳು.

"ಹೋಗಿ ಬಾ ಜುಬೇದಾ. ಕೊಂಡ ಮಗನ್ನ ನಾ ನೋಡಿಕೋತೀನಿ. ಆರು ಇದ್ದಲ್ಲಿ ಏಳು. ಕಾಗದ ಬಂದ ಮ್ಯಾಲೆ ದಾವಲ ಕರಕೊಂಡು ಬರ್ತಾನ."

"ನಾನಽ ಬರ್ತೀನಿ," ಎಂದೆ. "ಆರು ತಿಂಗಳದಾಗ ತಂದು ಬಿಡ್ತೀನಿ ಅಕ್ಕಾ. ದೇವರಾಣಿ."

ಅಕ್ಕ ಗಂಜಿ ಕುಡಿದಳು. ಒಬ್ಬಳೇ ಕೂತು ಇನ್ನೊಂದು ಫೋಟೋ ತೆಗೆಸಿ ಕಳಿಸಿದಳು, ದೀಪಾವಳಿ ಕಳೆದ ಮರುತಿಂಗಳು ಹೊರಟಳು.

ರಾಯಚೂರಿನ ಹುಕುಂ ಒಂಬತ್ತು ತಿಂಗಳಿಗೆ ಬಂತು. ಪೇಷ್ಕಾರರೇ ಹೊಸ ಹಾಳೆಯಲ್ಲಿ ತಮ್ಮ ಕೈಯಾರೆ ಬರೆದು ನಕಲು ಕೊಟ್ಟರು, ಬೈಯಲಿಲ್ಲ. ಫಾರಮು ಮತ್ತೆ ತುಂಬುವಷ್ಟರಲ್ಲಿ ಯುದ್ಧ ಹತ್ತಿತು. ಸಮುದ್ರದ ಮೇಲೆ ಸಣ್ಣ ಹುಡುಗನನ್ನು ಈಗ ಕಳಿಸಬೇಡಿ, ಧೈರ್ಯವಿಲ್ಲ, ಎಂದು ಭಾವ ಬರೆಸಿದ. ಮುಂದಿನ ವರ್ಷವೂ ಹಾಗೆಯೇ ಬರೆಸಿದ. ಈಗ ನಾಲ್ಕು ವರ್ಷವಾಯಿತು. ಹುಡುಗ ಎತ್ತುಗಳ ಹಿಂದೆ ಕಳಕಪ್ಪನ ಹೊಲಕ್ಕೆ ಹೋಗುತ್ತಾನೆ, ಬಸವಣ್ಣೆಮ್ಮನಿಗೆ ಅವ್ವ ಎನ್ನುತ್ತಾನೆ. ಭಾವನ ಎಡಗಣ್ಣು ಹೋಗಿ ಎರಡು ವರ್ಷ ಕಳೆದಿದೆ. ಇನ್ನು ಮಗ ಎದುರಿಗೆ ಹೋಗಿ ನಿಂತರೂ ಕೈಯಿಂದ ಮುಟ್ಟಿ ನೋಡಬೇಕು.

ಅಕ್ಕ ಹೊರಟ ದಿನದ್ದು ಒಂದು ಉಳಿದಿದೆ. ಅದನ್ನು ನಾನು ಯಾರಿಗೂ ಹೇಳಿಲ್ಲ.

ಕೊಪ್ಪಳದ ಠೇಸನ್ನಿಗೆ ನಾವಿಬ್ಬರೇ ಹೋಗಿದ್ದೆವು. ಹುಡುಗನನ್ನು ಕರೆತಂದಿರಲಿಲ್ಲ, ಅತ್ತಾನು ಎಂದು. ಗಂಗಾವತಿಯ ಕಡೆಯ ಮಾಶಾಬಿ ಎಂಬ ಮುದುಕಿ, ಅವಳ ಗಂಡ ಮುಂಬಯಿಗೆ ಹೊರಟಿದ್ದರು. ಹಡಗಿನ ತನಕ ಅಕ್ಕನ ಜೊತೆಗೆ ಅವರು. ಗಾಡಿ ಬಂದು ನಿಂತಿತು. ನಾನು ಗಂಟು ಹತ್ತಿಸಿದೆ, ನೀರಿನ ತಂಬಿಗೆ ಕೊಟ್ಟೆ, ಪಾಸ್‌ಪೋರ್ಟು ಕಟ್ಟಿದ ಬಟ್ಟೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಾಳೋ ಇಲ್ಲವೋ ಎರಡು ಸಲ ಕೇಳಿದೆ. ಕೆಳಗಿಳಿದು ಕಿಟಕಿಯ ಹತ್ತಿರ ನಿಂತೆ.

ಅಕ್ಕ ಸೆರಗು ಸರಿಸಿ ನನ್ನ ಮುಖ ನೋಡಿದಳು.

"ದಾವಲಾ, ಚಾವಡ್ಯಾಗ ಬರಸಿದ್ದು ನೀನಂತ ಗೌಡ್ರು ಹೇಳ್ಯಾರ."

ನಾನು ಹಳಿಯ ಕಡೆ ನೋಡಿದೆ.

"ಅದಕ್ಕ ನನಗ ಸಿಟ್ಟಿಲ್ಲೋ. ಕೂಸು ಉಳೀಲಿ ಅಂತ ಬರಸಿದಿ, ಉಳೀತು. ನಿನ್ನ ಕೈಗುಣನ ಅನ್ನು. ಆದ್ರ ಕಚೇರಿಗೆ ಹೋಗೂ ಮುಂದ ನನಗೊಂದು ಮಾತು ಹೇಳಬಾರದಾಗಿತ್ತಾ? ನಾ ಬರ್ತಿದ್ದೆ. ಆ ಪೇಷ್ಕಾರ ನನಗ ಏನು ಬೇಕಾದ್ದು ಅಂದಿದ್ರೂ ತಲಿ ಬಗ್ಗಿಸಿ ಅನಿಸಿಕೊಂಡು, ಕಾಗದ ಇಸಕೊಂಡು ಬರ್ತಿದ್ದೆ. ಅಂದದ್ದು ಮೈಗೆ ಹತ್ತತೈತೇನು? ಮಗನಕಿಂತ ದೊಡ್ಡದೇನೋ ಅದು?"

ಮಾಶಾಬಿ ಕಿವಿ ಈ ಕಡೆ ಕೊಟ್ಟು ಜಪದ ತಸಬಿ ಮಣಿ ತಿರುಗಿಸುವುದನ್ನು ನಿಲ್ಲಿಸಿದ್ದಳು.

"ಯಾಕ ಹೇಳಲಿಲ್ಲೋ ನನಗ? ಹೇಳಿ ಕಳಸು. ಅಷ್ಟು ದೂರ ಹೊಂಟೀನಿ, ಇಷ್ಟು ತಿಳಕೊಂಡು ಹೋಗ್ತೀನಿ."

ಗಾಡಿ ಬಿಡಲು ಇನ್ನೂ ಹೊತ್ತಿತ್ತು. ಇಂಜಿನ್ನಿಗೆ ನೀರು ತುಂಬುತ್ತಿದ್ದರು. ನಾನು ಕಿಟಕಿಯ ಸರಳಿನಿಂದ ಕೈ ತೆಗೆದೆ. ಅಕ್ಕ ಮತ್ತೊಮ್ಮೆ ನನ್ನ ಹೆಸರು ಹಿಡಿದು ಕರೆದಳು. ನಾನು ಪ್ಲಾಟ್‌ಫಾರಮಿನ ಉದ್ದಕ್ಕೂ, ಹಿಂತಿರುಗಿ ನೋಡದೆ, ಚಕ್ಕಡಿ ಬಿಟ್ಟಿದ್ದ ಕಡೆಗೆ ನಡೆದೆ.